ಪುಟ್ಟ ಕೈಗೂ ಬೇಕು ನಿಜವಾದ ಕೆಲಸ

ಕ್ರಿಸ್‌ಮಸ್ ಹತ್ತಿರ ಬಂದಂತೆ ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಬಾಚಣಿಗೆಗೆ ತಲೆಗೂದಲು ಬಿಟ್ಟು ಬೇರೊಂದು ಕೆಲಸ ಬೀಳುತ್ತದೆ. ಮೈದಾಕ್ಕೆ ತೆಂಗಿನಹಾಲು ಹಾಕಿ ನಾದಿದ ಹಿಟ್ಟಿನಿಂದ ಸಣ್ಣ ಸಣ್ಣ ಉಂಡೆ ಕಿತ್ತು, ಹೊಸ ಬಾಚಣಿಗೆಯ ಹಲ್ಲುಗಳ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿ ಎಳೆದರೆ ಮೈತುಂಬ ಗೆರೆಗಳಿರುವ ಸುರುಳಿ ಉರುಳಿ ಬೀಳುತ್ತದೆ. ಇದೇ ಕಿಡ್ಯೊ. ಬಾಚಣಿಗೆ ಇಲ್ಲವೆಂದರೆ ಫೋರ್ಕಿನ ಬೆನ್ನೂ ನಡೆಯುತ್ತದೆ. ಎಣ್ಣೆಯಲ್ಲಿ ಕರಿಯುವುದು, ಸಕ್ಕರೆ ಪಾಕದಲ್ಲಿ ಹೊರಳಿಸುವುದು ದೊಡ್ಡವರ ಪಾಲು. ಸುರುಳಿ ಮಾಡುವುದು ಮಕ್ಕಳ ಪಾಲು. ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ, ನೆಂಟರಿಗೆ, ನೆರೆಹೊರೆಗೆ ಹೋಗಬೇಕು. ಅಷ್ಟು ಪುಟ್ಟ ತಿಂಡಿಯಿಂದ ಡಬ್ಬಿ ತುಂಬಿಸುವುದು ಒಬ್ಬಿಬ್ಬರಿಂದ ಆಗುವ ಮಾತಲ್ಲ. ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳುವುದು ಮುದ್ದಿಗೆ ಮಾತ್ರವಲ್ಲ, ಅವರು ಕೂರದೆ ಕೆಲಸ ಮುಗಿಯುವುದಿಲ್ಲ ಎಂಬ ಕಾರಣಕ್ಕೂ ಹೌದು.

ನನಗೆ ಮುಖ್ಯವೆನಿಸುವುದು ಈ ಎರಡನೆಯ ಕಾರಣ. ಇವತ್ತು ಮಕ್ಕಳ ಅಡುಗೆ ಎಂದರೆ ಬೇಸಿಗೆ ಶಿಬಿರದ ಒಂದು ತರಗತಿ, ಕಪ್‌ಕೇಕ್ ಮೇಲೆ ಬಣ್ಣದ ಕ್ರೀಮ್, ಅಳತೆಗೆ ಹೊಲಿಸಿದ ಪುಟ್ಟ ಏಪ್ರನ್, ಒಂದು ಫೋಟೊ. ಮಗು ಕೈಹಾಕದಿದ್ದರೂ ಅಲ್ಲಿ ಯಾವುದೂ ನಿಲ್ಲುವುದಿಲ್ಲ. ಇದು ದೊಡ್ಡವರು ತನಗಾಗಿ ಹೂಡಿದ ಆಟ ಎಂದು ಮಗುವಿಗೆ ಬಹಳ ಬೇಗ ಗೊತ್ತಾಗುತ್ತದೆ.

ಹಳೇ ಮೈಸೂರಿನ ಕಡೆ ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಚೀಲಗಟ್ಟಲೆ ಮನೆಗೆ ಬರುತ್ತದೆ. ಕಾಯಿ ಸುಲಿದು, ಕಾಳನ್ನು ನೀರಲ್ಲಿ ನೆನೆಹಾಕಿ, ಆಮೇಲೆ ಒಂದೊಂದನ್ನೇ ಹಿತುಕಿ ಸಿಪ್ಪೆ ಬಿಡಿಸಬೇಕು. ಈ ಕೆಲಸಕ್ಕೆ ಮಕ್ಕಳ ಬೆರಳೇ ಲಾಯಕ್ಕು. ಹಿತುಕಿದ ಬೇಳೆ ಎದುರಿಗೆ ಕೂತವರ ಮೂಗಿಗೆ ಚಿಮ್ಮಿದರೆ ಅದು ಬೋನಸ್. ಸಂಕ್ರಾಂತಿ ಬಂದರೆ ಹುರಿದ ಕಡಲೆಕಾಯಿ ಬೀಜವನ್ನು ಉಜ್ಜಿ ಸಿಪ್ಪೆ ಊದುವುದು, ಕೊಬ್ಬರಿ, ಬೆಲ್ಲದ ಚೂರುಗಳನ್ನು ಎಳ್ಳಿಗೆ ಬೆರೆಸುವುದು, ಮರದ ಅಚ್ಚಿನಿಂದ ಸಕ್ಕರೆ ಅಚ್ಚು ಮುರಿಯದಂತೆ ಬಿಡಿಸುವುದು. ಮುರಿದದ್ದು ಬಾಯಿಗೆ; ಆದ್ದರಿಂದ ಒಂದಿಷ್ಟು ಮುರಿಯುತ್ತಲೇ ಇರುತ್ತವೆ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿಯನ್ನು ಪಾಕ ಬಿಸಿಯಿರುವಾಗಲೇ ಕಟ್ಟಬೇಕು, ಅದಕ್ಕೆ ಎಷ್ಟು ಕೈ ಇದ್ದರೂ ಸಾಲದು. ನಮ್ಮ ಹಬ್ಬಗಳ ತಿಂಡಿಯಲ್ಲಿ ಬೆಂಕಿ ಮುಂದಿನ ಕೆಲಸಕ್ಕಿಂತ ಬೆಂಕಿಗೆ ಹೋಗುವ ಮುಂಚಿನ, ಇಳಿಸಿದ ಮೇಲಿನ ಕೆಲಸವೇ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಮಕ್ಕಳಿಂದ ಆಗುವಂಥದ್ದು.

ಹಾಗೆಂದು ಹಿಂದಿನದ್ದೆಲ್ಲ ಚಿನ್ನ ಎನ್ನಲಾರೆ. ಮಡಿಯ ಮನೆಗಳಲ್ಲಿ ಮಕ್ಕಳು ಅಡುಗೆಮನೆಯ ಹೊಸ್ತಿಲು ದಾಟಿದರೆ ಗದರಿಕೆ ಕಾದಿರುತ್ತಿತ್ತು. ಜಗಲಿಯಲ್ಲಿ ಕೂತು ಸುಲಿಯಬಹುದು, ಒಲೆಯ ಹತ್ತಿರ ಸುಳಿಯುವಂತಿಲ್ಲ. ಜಗಲಿಯಿಂದ ಒಳಗೆ ಬಡ್ತಿ ಸಿಗುತ್ತಿದ್ದದ್ದು ಹೆಣ್ಣುಮಕ್ಕಳಿಗೆ. ಅದು ಬಡ್ತಿಯೋ ಶಿಕ್ಷೆಯೋ ಎಂದು ಅವರನ್ನೇ ಕೇಳಬೇಕು.

ಹಬ್ಬದ ಈ ತಿಂಡಿಗಳ ಹಾಗಲ್ಲದೆ, ಕೇಕ್ ಮಧ್ಯಮವರ್ಗದ ಕನ್ನಡ ಮನೆಗೆ ಬಂದದ್ದು ಬೇರೆ ದಾರಿಯಲ್ಲಿ. ಬಹುಕಾಲ ಅದು ಅಯ್ಯಂಗಾರ್ ಬೇಕರಿಯ ಗಾಜಿನ ಕಪಾಟಿನ ವಸ್ತು. ಆಮೇಲೆ ಮುಚ್ಚಳದಲ್ಲಿ ಗಾಜಿನ ಕಿಂಡಿಯಿದ್ದ ದುಂಡನೆಯ ಅಲ್ಯೂಮಿನಿಯಂ ಓವನ್ ಬಂತು. ಅದೂ ಇಲ್ಲದವರಿಗೆ ಕುಕ್ಕರ್: ಗ್ಯಾಸ್ಕೆಟ್, ವೆಯ್ಟ್ ತೆಗೆದು, ನೀರು ಹಾಕದೆ, ತಳಕ್ಕೆ ಮರಳನ್ನೋ ಉಪ್ಪನ್ನೋ ಹರಡಿ, ಮೇಲೆ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ಬೇಯಿಸುವುದು. ಈಗಲೂ ಎಷ್ಟೋ ಮನೆಯ ಮೊದಲ ಕೇಕ್ ಹೀಗೇ ಆಗುತ್ತದೆ. (ಹೊಸ ಕುಕ್ಕರ್ ಹಾಳು ಮಾಡಿಕೊಳ್ಳಬೇಡಿ, ಅಟ್ಟದ ಮೇಲಿನ ಹಳೆಯದು ಸಾಕು.)

ಮಕ್ಕಳಿಗೆ ಕಲಿಸುವ ವಿಷಯದಲ್ಲಿ ಕೇಕಿಗೆ ಒಂದು ಅನುಕೂಲವಿದೆ, ಒಪ್ಪಲೇಬೇಕು. ನಮ್ಮ ಸಾರು ಪಲ್ಯಗಳೆಲ್ಲ ಕಣ್ಣಳತೆಯವು. ರುಚಿಗೆ ತಕ್ಕಷ್ಟು ಉಪ್ಪು ಎಂದರೆ ಎಂಟು ವರ್ಷದ ಮಗು ಏನು ಮಾಡಬೇಕು? ಕೇಕ್ ಹಾಗಲ್ಲ, ಅದಕ್ಕೆ ಲೆಕ್ಕ ಬೇಕು. ಎರಡು ಕಾಲು ಕಪ್ ಸೇರಿದರೆ ಅರ್ಧ ಕಪ್, ಮೂರು ಟೀ ಚಮಚಕ್ಕೆ ಒಂದು ಟೇಬಲ್ ಚಮಚ. ಭಿನ್ನರಾಶಿಯನ್ನು ಕರಿಹಲಗೆಯ ಮೇಲೆ ಅರ್ಥ ಮಾಡಿಕೊಳ್ಳದವರೂ ಹಿಟ್ಟಿನಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಮೊಸರಿಗೆ ಅಡುಗೆ ಸೋಡ ಬಿದ್ದ ಕೂಡಲೇ ಬುರಬುರನೆ ನೊರೆ ಏಳುತ್ತದೆ: ಮೊಸರಿನ ಆಮ್ಲ ಸೋಡದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಹುಟ್ಟಿದೆ. ಕಲಸಿದ ಹಿಟ್ಟನ್ನು ತಡಮಾಡಿ ಒಲೆಗಿಟ್ಟರೆ ಆ ಗಾಳಿ ಹಾರಿಹೋಗಿ ಕೇಕ್ ಚಪ್ಪಟೆಯಾಗುತ್ತದೆ. ಚಪಾತಿ ಹಿಟ್ಟನ್ನು ಚೆನ್ನಾಗಿ ನಾದು, ಕೇಕ್ ಹಿಟ್ಟನ್ನು ಹೆಚ್ಚು ತಿರುವಬೇಡ ಎನ್ನುವುದೇಕೆ ಎಂದು ಕೇಳುವ ಮಗುವಿಗೂ ಉತ್ತರವಿದೆ. ನಾದಿದಷ್ಟೂ ಗೋಧಿಯ ಗ್ಲುಟನ್ ಜಾಲ ಬಿಗಿಯಾಗುತ್ತದೆ. ಅದು ಚಪಾತಿಗೆ ಬೇಕು, ಕೇಕಿಗೆ ಬೇಡ. ಇಷ್ಟು ತಿಳಿದ ಮೇಲೆ ಡಿಸೆಂಬರಿನ ಬೆಂಗಳೂರಿನಲ್ಲಿ ಇಡ್ಲಿ ಹಿಟ್ಟು ಯಾಕೆ ಉಬ್ಬುವುದಿಲ್ಲ ಎಂದೂ ಕೇಳುತ್ತಾರೆ. ಚಳಿಗೆ ಬ್ಯಾಕ್ಟೀರಿಯಾಗಳೂ ಸೋಮಾರಿಯಾಗುತ್ತವೆ ಎಂದು ಹೇಳಬಹುದು.

ತಾನೇ ಮಾಡಿದ್ದನ್ನು ಮಗು ಹೆಚ್ಚು ತಿನ್ನುತ್ತದೆ ಎಂಬುದು ಅಮ್ಮಂದಿರ ಹಳೆಯ ಅನುಭವ. ಇದನ್ನು ಅಳೆದು ನೋಡಿದವರೂ ಇದ್ದಾರೆ. ಸ್ವಿಟ್ಜರ್‌ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 6ರಿಂದ 10 ವರ್ಷದ 47 ಮಕ್ಕಳಿದ್ದರು. ಅಪ್ಪ ಅಥವಾ ಅಮ್ಮನ ಜೊತೆ ಸೇರಿ ಅಡುಗೆ ಮಾಡಿದ ಮಕ್ಕಳು, ಮಾಡದವರಿಗಿಂತ ಶೇ 76ರಷ್ಟು ಹೆಚ್ಚು ಸಲಾಡ್ ತಿಂದರು. ಆದರೆ ಅದೇ ಮಕ್ಕಳು ಕೋಳಿ ಮಾಂಸವನ್ನೂ ಹೆಚ್ಚು ತಿಂದರು, ಒಟ್ಟು ಕ್ಯಾಲೊರಿಯೂ ಏರಿತ್ತು. ಅಧ್ಯಯನ ನಡೆಸಿದ್ದು ನೆಸ್ಲೆ ಕಂಪನಿಯ ಸಂಶೋಧನಾ ಕೇಂದ್ರ ಎಂಬುದೂ ನೆನಪಿರಲಿ. ತರಕಾರಿ ತಿನ್ನಿಸುವ ಉಪಾಯವೆಂದು ಮಗುವನ್ನು ಅಡುಗೆಮನೆಗೆ ಕರೆದರೆ, ಮಗು ಪಲ್ಯದ ಜೊತೆ ಪೂರಿಯನ್ನೂ ಎರಡು ಹೆಚ್ಚು ಹಾಕಿಸಿಕೊಂಡೀತು.

ಶಾಲೆಗಳೂ ಈ ಕಡೆ ಕಣ್ಣು ಹಾಯಿಸಿವೆ. ‘ಬೆಂಕಿಯಿಲ್ಲದ ಅಡುಗೆ’ ಸ್ಪರ್ಧೆಯಲ್ಲಿ ಕೋಸಂಬರಿ, ಚುರುಮುರಿ, ಸ್ಯಾಂಡ್‌ವಿಚ್ ಸಾಲುಗಟ್ಟುತ್ತವೆ. ಕ್ಯಾರೆಟ್ ಮನೆಯಲ್ಲೇ ತುರಿದು ಡಬ್ಬಿಯಲ್ಲಿ ಬಂದಿರುತ್ತದೆ. ಮಗು ಬೆರೆಸುತ್ತದೆ, ಬಹುಮಾನ ಅಮ್ಮನಿಗೆ ಸಲ್ಲಬೇಕು. ಇದಕ್ಕೆ ಹೋಲಿಸಿದರೆ ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್‌ನಲ್ಲಿ ತೆರೆದ ಶಾಲೆ ಹೆಚ್ಚು ಖಡಕ್ಕು. ಆಟಿಕೆ ಎದುರಿಗಿದ್ದರೂ ಮಕ್ಕಳು ನಿಜವಾದ ಕೆಲಸವನ್ನೇ ಆರಿಸಿಕೊಳ್ಳುವುದನ್ನು ಆಕೆ ಅಲ್ಲಿ ಕಂಡರು. ನೀರು ಸುರಿಯುವುದು, ತೊಳೆಯುವುದು, ಒರೆಸುವುದು ಅವರ ಪದ್ಧತಿಯಲ್ಲಿ ಪಾಠವೇ. 1939ರಲ್ಲಿ ಮದ್ರಾಸಿಗೆ ಬಂದ ಮಾಂಟೆಸ್ಸೊರಿ ಯುದ್ಧ ಮುಗಿಯುವ ತನಕ ಭಾರತದಲ್ಲೇ ಉಳಿದರು. ಅದೇ ಕಾಲಕ್ಕೆ ಗಾಂಧೀಜಿಯ ನಯೀ ತಾಲೀಮ್ ಶಿಕ್ಷಣ ಪ್ರಯೋಗದಲ್ಲಿ ಸೇವಾಗ್ರಾಮದ ಮಕ್ಕಳು ಅಡುಗೆಮನೆಯ ಸರದಿಯನ್ನು ಪಾಠದ ಭಾಗವಾಗಿಯೇ ಮಾಡುತ್ತಿದ್ದರು.

ಆದರೆ ಯಾವ ಮಗು, ಯಾವ ಮನೆ ಎಂದು ಕೇಳದೆ ಈ ಮಾತು ಮುಂದುವರಿಸುವಂತಿಲ್ಲ. ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆಯೇ ಕೂಲಿಗೋ ಗಾರ್ಮೆಂಟ್ಸ್‌ಗೋ ಹೊರಟುಬಿಡುವ ಮನೆಯಲ್ಲಿ ಹತ್ತು ವರ್ಷದ ಹುಡುಗಿ ಅನ್ನಕ್ಕಿಟ್ಟು, ತಮ್ಮನಿಗೆ ಬಡಿಸಿ ಶಾಲೆಗೆ ಓಡುತ್ತಾಳೆ. ಅವಳಿಗೆ ಅಡುಗೆ ಹವ್ಯಾಸವಲ್ಲ. 5ರಿಂದ 14 ವರ್ಷದ ಮಗು ವಾರಕ್ಕೆ 21 ಗಂಟೆ ಅಥವಾ ಹೆಚ್ಚು ಮನೆಗೆಲಸ ಮಾಡಿದರೆ ಯುನಿಸೆಫ್ ಅದನ್ನು ಬಾಲಕಾರ್ಮಿಕತೆಯ ಲೆಕ್ಕಕ್ಕೆ ಸೇರಿಸುತ್ತದೆ. ಒಂದು ಮನೆಯಲ್ಲಿ ಶುಲ್ಕ ಕೊಟ್ಟು ಕಲಿಸುವುದು, ಇನ್ನೊಂದು ಮನೆಯಲ್ಲಿ ಶಾಲೆ ತಪ್ಪಿಸುವ ಹೊರೆ.

ಹೊರೆ ಯಾರ ಹೆಗಲಿಗೆ ಎಂಬುದಕ್ಕೂ ಅಂಕಿಯಿದೆ. ದೇಶದ 2019ರ ಕಾಲ ಬಳಕೆ ಸಮೀಕ್ಷೆಯ ಪ್ರಕಾರ, ಆರು ವರ್ಷ ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಶೇ 81ರಷ್ಟು, ಗಂಡಸರು ಶೇ 26ರಷ್ಟು. ಮಾಡುವವರಲ್ಲೂ ಹೆಣ್ಣಿಗೆ ದಿನಕ್ಕೆ 299 ನಿಮಿಷ, ಗಂಡಿಗೆ 97. ನಳಪಾಕ, ಭೀಮಪಾಕ ಎಂದು ಗಂಡಸರ ಅಡುಗೆಯನ್ನೇ ಹೊಗಳಿಕೊಂಡು ಬಂದ ನಾಡಿದು. ಮದುವೆಮನೆಯಲ್ಲಿ ಹಂಡೆಗಟ್ಟಲೆ ಸಾರು ಮಾಡುವ ಭಟ್ಟರೂ ಗಂಡಸರೇ. ಕೂಲಿಯಿರುವ ಕಡೆ ಸೌಟು ಹಿಡಿಯುವ ಕೈ, ಕೂಲಿಯಿಲ್ಲದ ಕಡೆ ಟಿವಿ ರಿಮೋಟ್ ಹಿಡಿಯುತ್ತದೆ. ಕೇರಳದವರು 2024ರಲ್ಲಿ ಮೂರನೇ ತರಗತಿಯ ಪಠ್ಯಪುಸ್ತಕದಲ್ಲಿ ಅಪ್ಪ ತೆಂಗಿನಕಾಯಿ ತುರಿಯುವ ಚಿತ್ರ ಹಾಕಿದರು. ಒಂದು ಚಿತ್ರದಿಂದ ಏನಾದೀತು ಎನ್ನಬಹುದು. ಆದರೆ ಮಗ ಮನೆಯಲ್ಲಿ ದಿನಾ ನೋಡುವುದೂ ಒಂದು ಚಿತ್ರವೇ.

ಇಷ್ಟೆಲ್ಲ ಆದ ಮೇಲೆ ಮನೆಯಲ್ಲಿ ಮಾಡಬೇಕಾದದ್ದು ತೀರ ಸರಳ. ನಾಲ್ಕು ವರ್ಷದ ಮಗು ಕೊತ್ತಂಬರಿ ಸೊಪ್ಪು ಬಿಡಿಸಲಿ, ಬಟಾಣಿ ಸುಲಿಯಲಿ. ಆರರ ಹೊತ್ತಿಗೆ ಬಾಳೆಲೆಯ ಮೇಲೆ ಅಕ್ಕಿ ರೊಟ್ಟಿ ತಟ್ಟಲಿ, ಬಾಳೆಹಣ್ಣನ್ನು ಮೊಂಡು ಚಾಕುವಿನಿಂದ ಹೆಚ್ಚಲಿ. ಎಂಟಕ್ಕೆ ಚಪಾತಿ ಲಟ್ಟಿಸಲಿ. ಭೂಪಟದ ಯಾವ ದೇಶ ಬೇಕಾದರೂ ಆಗಲಿ, ಅದನ್ನೇ ಬೇಯಿಸಿ ಎಲ್ಲರ ತಟ್ಟೆಗೂ ಹಾಕಿ. ಕದ್ದು ಇನ್ನೊಂದು ದುಂಡಗೆ ಲಟ್ಟಿಸಬೇಡಿ. ಕಾದ ಎಣ್ಣೆ, ಕುಕ್ಕರ್, ಈಳಿಗೆಮಣೆ ದೊಡ್ಡವರ ಹತ್ತಿರವೇ ಇರಲಿ. ಹಸಿ ಮೈದಾದಲ್ಲೂ ರೋಗಾಣುಗಳಿರಬಹುದು, ಕೇಕ್ ಹಿಟ್ಟಿನ ಬಟ್ಟಲು ನೆಕ್ಕುವ ಆಸೆಗೆ ಅಲ್ಲೇ ಕಡಿವಾಣ ಹಾಕಿ. ಮತ್ತೆ, ಅಡುಗೆ ತಿಂದಲ್ಲಿಗೆ ಮುಗಿಯುವುದಿಲ್ಲ. ಕೇಕ್ ಮಾಡಿದ ಬಟ್ಟಲು, ಚಮಚ, ಜಿಡ್ಡು ಹಿಡಿದ ತಟ್ಟೆ ಎಲ್ಲ ಸಿಂಕಿನಲ್ಲಿ ಬಿದ್ದಿರುತ್ತವೆ. ಅವನ್ನು ತೊಳೆಯುವ ಸರದಿ ಮಗಳಿಗೆ ಎಷ್ಟೋ ಮಗನಿಗೂ ಅಷ್ಟೇ ಬರುವಂತೆ ನೋಡಿಕೊಳ್ಳಿ.