ಮಸ್ಕಿ: ಅಶೋಕನ ಹೆಸರು ಹೇಳಿದ ಬಂಡೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗುವವರಿಗೆ ನಡುವೆ ಮಸ್ಕಿ ಸಿಗುತ್ತದೆ. ಹಂಪಿ ನೋಡಲು ಬರುವ ಪ್ರವಾಸಿಗರಲ್ಲಿ ಇಲ್ಲಿಯವರೆಗೆ ಬರುವವರು ಕಡಿಮೆ. ಆದರೆ ಭಾರತದ ಇತಿಹಾಸದ ಒಂದು ದೊಡ್ಡ ಒಗಟನ್ನು ಬಿಡಿಸಿದ್ದು ಈ ಊರಿನ ಗುಡ್ಡದಲ್ಲಿರುವ ಬಂಡೆ.

ಏನದು ಒಗಟು? 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಕಂಡದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದು ಮಾತ್ರ. ಈತ ಸಿಂಹಳದ ದೊರೆಯಿರಬೇಕೆಂದು ಪ್ರಿನ್ಸೆಪ್ ಮೊದಲು ಊಹಿಸಿದ್ದರು. ಪ್ರಿಯದರ್ಶಿಯೆಂದರೆ ಮೌರ್ಯ ದೊರೆ ಅಶೋಕನೇ ಎಂಬುದನ್ನು ಜಾರ್ಜ್ ಟರ್ನರ್ ಪಾಲಿ ಗ್ರಂಥ ದೀಪವಂಶದಿಂದ ತೋರಿಸಿಕೊಟ್ಟರು. ಆದರೆ ಅದು ಗ್ರಂಥದ ಸಾಕ್ಷಿ. ಕಲ್ಲಿನ ಸಾಕ್ಷಿ ಇನ್ನೂ ಸಿಕ್ಕಿರಲಿಲ್ಲ.

ಅದು ಸಿಕ್ಕಿದ್ದು 1915ರಲ್ಲಿ. ಆಗ ಈ ಸೀಮೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಗುಡ್ಡದ ಬಂಡೆಯ ಮೇಲಿನ ಅಕ್ಷರಗಳು ಬಿದ್ದವು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಪ್ರಕಟಿಸಿದರು. ಪ್ರಾಕೃತದ ಆ ಬರಹದಲ್ಲಿ ದೇವಾನಾಂಪ್ರಿಯನ ಜೊತೆಗೇ ‘ಅಶೋಕ’ ಎಂಬ ಹೆಸರಿತ್ತು! ಬಂಗಾರ ಅರಸಿ ಹೋದವರಿಗೆ ದೊರೆತದ್ದು ಸಾಮ್ರಾಟನ ಹೆಸರು. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಹಾಗೂ ಉಡೇಗೋಳಗಳಲ್ಲೂ ಆ ಹೆಸರಿನ ಶಾಸನಗಳು ದೊರೆತವು. ಮೊದಲು ಸಿಕ್ಕಿದ್ದು ಮಾತ್ರ ಮಸ್ಕಿಯಲ್ಲಿ.

ಪಾಟಲಿಪುತ್ರದ ದೊರೆಗೆ ಈ ದೂರದ ಸೀಮೆಯ ಮೇಲೇಕೆ ಕಣ್ಣು? ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ಚಿನ್ನ ತೆಗೆದ ಗುರುತುಗಳಿವೆ. ಇಂದಿಗೂ ಅಲ್ಲಿ ಚಿನ್ನದ ಗಣಿ ನಡೆಯುತ್ತಿದೆ. ಬ್ರಹ್ಮಗಿರಿಯ ಶಾಸನದಲ್ಲಿ ಬರುವ ‘ಸುವರ್ಣಗಿರಿ’ ಮಸ್ಕಿಯೋ ಕನಕಗಿರಿಯೋ ಎಂಬುದು ವಿದ್ವಾಂಸರ ಹಳೆಯ ಚರ್ಚೆ. ಕೃಷ್ಣಾ–ತುಂಗಭದ್ರಾ ನಡುವಿನ ಈ ಎಡೆದೊರೆ ನಾಡಿಗಾಗಿ ಬಹಮನಿಗಳೂ ವಿಜಯನಗರದವರೂ ಕಾದಾಡಿದರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆ ಆ ಕಥೆಗೆ ಸಾಕ್ಷಿ.

ಕೋಟೆ ಕಣ್ಣು ತುಂಬುತ್ತದೆ. ಮಸ್ಕಿಯ ಬಂಡೆ ಹಾಗಲ್ಲ. ಅಲ್ಲಲ್ಲಿ ಸವೆದ ಕೆಲವೇ ಸಾಲುಗಳು. ಓದಿ ಹೇಳುವವರಿಲ್ಲದಿದ್ದರೆ ಅದು ಬರಿಯ ಕಲ್ಲು. ಆದರೆ ಅದರ ಮಾತಿನ ತಿರುಳು ಸವೆದಿಲ್ಲ: ಧರ್ಮದ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಸಣ್ಣವರೂ ಅದನ್ನು ಪಡೆಯಬಲ್ಲರು. ಮಸ್ಕಿಯಂಥ ಸಣ್ಣ ಊರಿಗೆ ಈ ಮಾತು ಚೆನ್ನಾಗಿಯೇ ಒಪ್ಪುತ್ತದೆ.