ನಿವೃತ್ತಿಯ ಮರುದಿನ

ಮೂವತ್ತು ವರ್ಷ ಹತ್ತೂವರೆಗೆ ತಪ್ಪದೆ ಕಚೇರಿಯ ಮೆಟ್ಟಿಲೇರಿದವರಿಗೆ ನಿವೃತ್ತಿಯ ದಿನ ಹೂಮಾಲೆ, ಶಾಲು, ನಾಲ್ಕು ಒಳ್ಳೆಯ ಮಾತು ದೊರೆಯುತ್ತವೆ. ಮರುದಿನ ಹತ್ತೂವರೆಗೆ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಹೇಳಿರುವುದಿಲ್ಲ. ಸ್ನಾನವಾಗಿದೆ, ಪತ್ರಿಕೆಯನ್ನು ಎರಡು ಸಲ ಓದಿಯಾಗಿದೆ, ಊಟಕ್ಕೆ ಇನ್ನೂ ಹೊತ್ತಿದೆ. ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಹುಳಿಗೆ ಬೇಳೆ ಎಷ್ಟು ಹಾಕಿದೆಯೆಂದು ವಿಚಾರಣೆಗೆ ತೊಡಗುತ್ತಾರೆ. ಕಡತಗಳ ಮೇಲೆ ನಡೆದ ಅಧಿಕಾರವು ಸಾಸಿವೆಯ ಡಬ್ಬಿಯತ್ತ ತಿರುಗಿದಾಗ ಗೃಹಿಣಿ ಪಡುವ ಪಾಡನ್ನು ಯಾವ ಪಿಂಚಣಿ ನಿಯಮವೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಬೆಂಗಳೂರಿಗೆ ಒಂದು ಕಾಲದಲ್ಲಿ ಪಿಂಚಣಿದಾರರ ಸ್ವರ್ಗವೆಂಬ ಹೆಸರಿತ್ತು. ತಂಪು ಹವೆ, ಅಂಗಳವುಳ್ಳ ಮನೆ, ಸಂಜೆಗೆ ಲಾಲ್‌ಬಾಗು. ಆ ಹೆಸರು ಇಂದು ಹಳೆಯ ಮಾತಾಯಿತು. ಕರ್ನಾಟಕದ ಸರ್ಕಾರಿ ನೌಕರರ ನಿವೃತ್ತಿಯ ವಯಸ್ಸು ಈಗ 60. ಅಲ್ಲಿಂದಾಚೆಗೆ ಹದಿನೈದು ಇಪ್ಪತ್ತು ವರ್ಷದ ಬಾಳು ಉಳಿದಿರುವುದು ಅಪರೂಪವೇನಲ್ಲ. ಇಷ್ಟು ದೀರ್ಘಕಾಲವನ್ನು ಬರಿಯ ವಿಶ್ರಾಂತಿಯಿಂದ ತುಂಬಲು ಹೊರಟವರು ಬೇಗನೆ ಬೇಸರಕ್ಕೆ ಸಿಕ್ಕಿಬೀಳುತ್ತಾರೆ. ಇಂಥ ಹೊತ್ತಿಗೆ ತನಗಾಗಿ ಏನೋ ಒಂದು ಕಾದಿದೆಯೆಂಬ ಭಾವನೆ ಮುಪ್ಪಿನಲ್ಲಿಯೂ ಮನುಷ್ಯನಿಗೆ ಬೇಕು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದ ಉನ್ನತ ಸೇವೆಯನ್ನು ಅವಧಿಗೆ ಮೊದಲೇ, 1943ರಲ್ಲಿ, ಬಿಟ್ಟುಬಂದರು. ತಮಗಿಂತ ಕಿರಿಯರಿಗೆ ಮೇಲಿನ ಸ್ಥಾನ ದೊರೆತುದು ಕಾರಣ. ಉಳಿದ ಆಯುಸ್ಸನ್ನೆಲ್ಲ ಕಹಿಯಾಗಿಸಿಕೊಳ್ಳಲು ಅಷ್ಟೇ ಸಾಕಾಗಿತ್ತು. ಆದರೆ ಆಮೇಲೆ ಅವರು ಬಾಳಿದ 43 ವರ್ಷಗಳಲ್ಲಿ ‘ಜೀವನ’ ಪತ್ರಿಕೆಯನ್ನು ನಡೆಸಿದರು; ‘ಚಿಕವೀರ ರಾಜೇಂದ್ರ’ ಹೊರಬಂದಾಗ ಅವರಿಗೆ 65. ಆ ಕಾದಂಬರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಇದೆಲ್ಲ ಪುಸ್ತಕಗಳಲ್ಲಿ ದಾಖಲಾಗಿದೆ. ಬಸವನಗುಡಿಯ ಹಿರಿಯರು ನೆನೆಯುತ್ತಿದ್ದುದು ಇನ್ನೊಂದನ್ನು: ಕೋಟು ಟೋಪಿ ಧರಿಸಿ, ಕೊಡೆ ಹಿಡಿದು, ಸಂಜೆ ಸಂಜೆಗೆ ಗವೀಪುರದಿಂದ ಕ್ಲಬ್ಬಿಗೆ ನಡೆದುಹೋಗಿ ಗೆಳೆಯರೊಡನೆ ಇಸ್ಪೀಟಾಡುತ್ತಿದ್ದ ಮಾಸ್ತಿಯವರನ್ನು.

ಎಲ್ಲರೂ ಕಾದಂಬರಿ ಬರೆಯಲಾರರು. ಬರೆಯದಿದ್ದರೆ ಲೋಕಕ್ಕೆ ಅಂಥ ನಷ್ಟವೂ ಇಲ್ಲ. ಹಿತ್ತಲಿನಲ್ಲಿ ಎರಡು ದುಂಡುಮಲ್ಲಿಗೆಯ ಗಿಡಗಳಿದ್ದರೂ ಆದೀತು. ಚಳಿಗಾಲದಲ್ಲಿ ಕೆಲವು ದಿನ ನೀರು ನಿಲ್ಲಿಸಿ, ಕೊಂಬೆಗಳನ್ನು ಸವರಬೇಕು. ಹೊಸಬರಿಗೆ ಕೈ ಬಾರದು, ಹಸುರಾಗಿರುವುದನ್ನು ಕತ್ತರಿಸುವುದೆಂತು? ಆದರೆ ಮಲ್ಲಿಗೆ ಮೊಗ್ಗು ಹಿಡಿಯುವುದು ಹೊಸ ಚಿಗುರಿನಲ್ಲಿ. ಗೊಬ್ಬರ ಕೊಟ್ಟು ನೀರು ಬಿಟ್ಟರೆ ಬೇಸಗೆಯ ಹೊತ್ತಿಗೆ ಗಿಡ ತುಂಬುತ್ತದೆ. ಸಂಜೆಗೆ ಅರಳುವ ಮೊಗ್ಗನ್ನು ಬಿಸಿಲೇರುವ ಮುನ್ನವೇ ಬಿಡಿಸಬೇಕು. ಒಂದು ದಿನ ಮೈಗಳ್ಳತನ ಮಾಡಿದರೆ ಅಂದಿನ ಹೂವು ಗಿಡದಲ್ಲೇ ಬಾಡುತ್ತದೆ. ಹೀಗೆ ಆಜ್ಞೆ ಮಾಡಿ ಅಭ್ಯಾಸವಾದವರು ಗಿಡವೊಂದರ ಆಜ್ಞೆಗೆ ಒಳಗಾಗಿ ಆರು ಗಂಟೆಗೆ ಏಳುತ್ತಾರೆ. ಬೇಳೆಯ ವಿಚಾರಣೆ ತಾನಾಗಿ ನಿಲ್ಲುತ್ತದೆ.

ಮನೆಯನ್ನೇ ನಡೆಸಿದ ಹೆಂಗಸಿಗೆ ನಿವೃತ್ತಿಯ ದಿನವೆಂಬುದಿಲ್ಲ, ಶಾಲೂ ಇಲ್ಲ. ಒಲೆ ಸೊಸೆಯ ಕೈಗೆ ಹೋಗಿ, ಗಂಡನೂ ತೀರಿಕೊಂಡ ಮೇಲೆ ಒಂದು ಬೆಳಗ್ಗೆ ತನಗೆ ಕೆಲಸವಿಲ್ಲವೆಂದು ಆಕೆಗೇ ಹೊಳೆಯುತ್ತದೆ. ಇಂಥವರ ಕೈಗೆ ಹತ್ತಿಯ ಬುಟ್ಟಿ ಎಷ್ಟು ಆಸರೆಯೆಂಬುದನ್ನು ಗಂಡಸರು ಗಮನಿಸಿದ್ದು ಕಡಿಮೆ. ಬೀಜ ಬಿಡಿಸಿ, ಹತ್ತಿಯನ್ನು ಹಿಂಜಿ, ಎಳೆ ತೆಗೆದು, ಹಾಲಿನಲ್ಲಿ ಬೆರಳದ್ದಿ ಅಲ್ಲಲ್ಲಿ ಹೊಸೆದರೆ ಗೆಜ್ಜೆವಸ್ತ್ರ. ಕೆಳಗೆ ಗುಂಡಗೆ, ಮೇಲೆ ಚೂಪಾಗಿ ತಿರುಚಿದರೆ ಹೂಬತ್ತಿ. ಕಣ್ಣು ಮಂಜಾದರೂ ಬೆರಳಿಗೆ ಅಳತೆ ತಿಳಿದಿರುತ್ತದೆ.

ಲಕ್ಷಬತ್ತಿಯ ವ್ರತ ಹಿಡಿದವರ ಲೆಕ್ಕ ನೋಡಬೇಕು. ದಿನಕ್ಕೆ ನೂರರಂತೆ ಹೊಸೆದರೂ ಸಾವಿರ ದಿನ, ಎಂದರೆ ಎರಡು ವರ್ಷ ಒಂಬತ್ತು ತಿಂಗಳು. ಎಪ್ಪತ್ತೈದರ ಮುದುಕಿಯೊಬ್ಬಳು ಅಷ್ಟು ದೂರದ ಕಾರ್ತಿಕಕ್ಕೆ ಯಾವ ಅಳುಕೂ ಇಲ್ಲದೆ ಸಂಕಲ್ಪ ಮಾಡುತ್ತಾಳೆ. ಬೆರಳು ನೋಯುವ ದಿನ ಅರವತ್ತು. ಉಳಿದ ನಲವತ್ತು ನಾಳೆಯ ಬಾಕಿ. ಕೊನೆಗೊಂದು ಸಂಜೆ ದೇವಸ್ಥಾನದಲ್ಲಿ ತುಪ್ಪದಲ್ಲಿ ನೆನೆದ ಬತ್ತಿಗಳೆಲ್ಲ ಉರಿದುಹೋಗುತ್ತವೆ. ಇಷ್ಟು ದಿನದ ದುಡಿಮೆ ಒಂದೇ ಸಂಜೆಗೆ ಮುಗಿಯಿತಲ್ಲಾ ಎಂದು ಮರುಗುವವರು ನೋಡಲು ಬಂದವರು. ಆಕೆಗಾದರೋ ಅಷ್ಟರಲ್ಲಿ ನೆರೆಮನೆಯ ಮದುವೆಯ ಗೌರೀಪೂಜೆಗೆ ಹದಿನಾರೆಳೆಯ ಗೆಜ್ಜೆವಸ್ತ್ರ ಬೇಕೆಂದು ಹೇಳಿಕೆ ಬಂದಿರುತ್ತದೆ.