ಮ್ಯಾನ್‌ಹ್ಯಾಟನ್ನಿನ ಮೊದಲ ಮನೆಯವರು

ನ್ಯೂಯಾರ್ಕ್ ಎಂದೊಡನೆ ಮುಗಿಲೆತ್ತರದ ಕಟ್ಟಡಗಳು ನೆನಪಾಗುತ್ತವೆ, ಅಲ್ಲವೇ ಮಕ್ಕಳೇ? ಅದೇ ನಗರದ ಮ್ಯಾನ್‌ಹ್ಯಾಟನ್ ದ್ವೀಪದ ಉತ್ತರ ತುದಿಯಲ್ಲಿ ಒಂದು ಕಾಡಿದೆ. ಅದರ ಹೆಸರು ಇನ್‌ವುಡ್ ಹಿಲ್ ಪಾರ್ಕ್. ಸುಮಾರು 196 ಎಕರೆಯ ಈ ಉದ್ಯಾನದಲ್ಲಿರುವುದು ದ್ವೀಪದಲ್ಲಿ ಉಳಿದ ಕೊನೆಯ ಸಹಜ ಕಾಡು. ಕೊನೆಯ ಉಪ್ಪುನೀರಿನ ಜೌಗೂ ಅಲ್ಲೇ ಇದೆ. ಉಬ್ಬರದಲ್ಲಿ ನೀರು ತುಂಬುತ್ತದೆ. ಇಳಿತದಲ್ಲಿ ಕೆಸರು ಕಾಣುತ್ತದೆ, ಕೊಕ್ಕರೆಗಳು ಬಂದು ಮೀನು ಹುಡುಕುತ್ತವೆ.

ಇದು ಲೆನಾಪೆ ಜನರ ನೆಲ. ಇಂದಿನ ನ್ಯೂಜೆರ್ಸಿ, ನ್ಯೂಯಾರ್ಕಿನ ದಕ್ಷಿಣ ಭಾಗ, ಪೆನ್ಸಿಲ್ವೇನಿಯಾದ ಪೂರ್ವ ಭಾಗ ಎಲ್ಲ ಸೇರಿದ ಅವರ ನಾಡಿಗೆ ಲೆನಾಪೆಹೋಕಿಂಗ್ ಎಂದು ಹೆಸರು. ಟ್ಯುಲಿಪ್ ಮರದ ದಿಮ್ಮಿ ಕೊರೆದು ಅವರು ದೋಣಿ ಮಾಡುತ್ತಿದ್ದರು. ನದಿಯಲ್ಲಿ ಮೀನು, ಸಿಂಪಿ ಹಿಡಿಯುತ್ತಿದ್ದರು. ಮುಸುಕಿನ ಜೋಳ, ಬೀನ್ಸ್, ಕುಂಬಳ ಮೂರನ್ನೂ ಒಟ್ಟಿಗೆ ಬೆಳೆಯುತ್ತಿದ್ದರು. ಜೋಳದ ದಂಟು ಬೀನ್ಸ್ ಬಳ್ಳಿಗೆ ಆಸರೆ. ಬೀನ್ಸ್ ಬೇರು ಮಣ್ಣಿಗೆ ಸಾರ. ಕುಂಬಳದ ಅಗಲ ಎಲೆ ನೆಲಕ್ಕೆ ನೆರಳು. ಪ್ರಸಿದ್ಧ ಬ್ರಾಡ್‌ವೇ ರಸ್ತೆಯ ಒಂದಷ್ಟು ಭಾಗ ಅವರ ಹಳೆಯ ಕಾಲುದಾರಿಯ ಮೇಲೆಯೇ ಸಾಗಿದೆ.

ಇನ್‌ವುಡ್ ಉದ್ಯಾನದಲ್ಲಿ ಒಂದು ದೊಡ್ಡ ಬಂಡೆಯಿದೆ. 1930ರ ದಶಕದವರೆಗೂ ಅಲ್ಲೊಂದು ಭಾರಿ ಟ್ಯುಲಿಪ್ ಮರವಿತ್ತು. 1626ರಲ್ಲಿ ಡಚ್ಚರ ಪೀಟರ್ ಮಿನ್ಯೂಟ್ 60 ಗಿಲ್ಡರ್ ಬೆಲೆಯ ಸಾಮಾನು ಕೊಟ್ಟು ಇಡೀ ದ್ವೀಪ ಕೊಂಡನೆಂಬ ಕಥೆಯನ್ನು ಆ ಬಂಡೆಯ ಫಲಕ ಹೇಳುತ್ತದೆ.

ಬ್ಯಾಂಕಿನಲ್ಲಿ ಕಡತ ನೋಡುತ್ತಲೇ ತಲೆ ನರೆತವನು ನಾನು. ಜಮೀನು ಎಂದರೆ ಮೊದಲು ಕೇಳುವುದು ಕ್ರಯಪತ್ರ. ಈ ವ್ಯವಹಾರದ ಕ್ರಯಪತ್ರ ಯಾರ ಬಳಿಯೂ ಉಳಿದಿಲ್ಲ. ಉಳಿದಿರುವುದು ಪೀಟರ್ ಶಾಗೆನ್ ಎಂಬ ಡಚ್ ಅಧಿಕಾರಿ ಅದೇ ವರ್ಷ ಬರೆದ ಒಂದು ಪತ್ರ. ಅದರಲ್ಲಿ 60 ಗಿಲ್ಡರ್ ಎಂದಿದೆ; ಮಾರಿದವರ ಹೆಸರಿಲ್ಲ, ಸಹಿಯಿಲ್ಲ. ಲೆನಾಪೆ ಜನರಿಗೆ ನೆಲವೆಂದರೆ ಕೂಡಿ ಬಾಳುವ ಜಾಗ. ಹೊಸಬರಿಗೂ ಬಳಸಲು ಬಿಟ್ಟೆವೆಂದೇ ಅವರು ತಿಳಿದಿರಬೇಕು ಎನ್ನುತ್ತಾರೆ ಅನೇಕ ಇತಿಹಾಸಕಾರರು.

ಮುಂದೆ ಯುದ್ಧಗಳು, ರೋಗಗಳು, ಒಂದರ ಮೇಲೊಂದು ಒಪ್ಪಂದಗಳು ಬಂದವು. ಅವರನ್ನು ಪಶ್ಚಿಮಕ್ಕೆ ತಳ್ಳುತ್ತಲೇ ಹೋದರು. ಆದರೆ ಲೆನಾಪೆ ಜನ ಅಳಿದಿಲ್ಲ. ಒಕ್ಲಹೋಮಾ, ವಿಸ್ಕಾನ್ಸಿನ್, ಕೆನಡಾದ ಒಂಟಾರಿಯೊಗಳಲ್ಲಿ ಇಂದಿಗೂ ಅವರ ಸಮುದಾಯಗಳಿವೆ. ಡೆಲವೇರ್ ಎಂಬುದು ಇಂಗ್ಲಿಷರು ಅವರಿಗೆ ಇಟ್ಟ ಹೆಸರು. ತಮ್ಮ ನುಡಿಯನ್ನು ಉಳಿಸಿಕೊಳ್ಳಲು ಅವರು ಇಂದು ಮಾತನಾಡುವ ನಿಘಂಟನ್ನೇ ಮಾಡಿಕೊಂಡಿದ್ದಾರೆ.

ಮಗನ ಮನೆಗೋ ಮಗಳ ಮನೆಗೋ ಎಂದು ನ್ಯೂಜೆರ್ಸಿಗೆ ಹೋಗುವ ಅಜ್ಜ ಅಜ್ಜಿಯರು ನಮ್ಮಲ್ಲಿ ಬಹಳ ಮಂದಿ. ಮೊಮ್ಮಕ್ಕಳ ಕೈ ಹಿಡಿದು ಪಸೇಯಿಕ್ ಅಥವಾ ಹ್ಯಾಕನ್‌ಸ್ಯಾಕ್ ನದಿಯ ದಂಡೆಯಲ್ಲಿ ನಡೆದಾಗ ಅಲ್ಲಿನ ಹಕ್ಕಿ, ಮರಗಳನ್ನು ತೋರಿಸಿ. ಜೊತೆಗೆ ಇದನ್ನೂ ಹೇಳಿ: ಈ ನದಿಗಳ ಹೆಸರು ಲೆನಾಪೆ ನುಡಿಯದು, ಮ್ಯಾನ್‌ಹ್ಯಾಟನ್ ಎಂಬ ಹೆಸರೂ ಅವರದೇ.